ಮಡಿಕೇರಿಯ ಚಳಿಯಲ್ಲಿ 6 ಎಸ್ ಲೈಪೊ ಕುಸಿಯುತ್ತಿದೆ: ದೋಷ ಇಎಸ್‌ಸಿಯದೋ, ಬ್ಯಾಟರಿಯದೋ?

ಪ್ರಶ್ನೆ, ಮಡಿಕೇರಿಯಿಂದ:

ನನ್ನದು ರಿಮೋಟ್‌ನಿಂದ ಹಾರಿಸುವ 550 ಗಾತ್ರದ ಎಲೆಕ್ಟ್ರಿಕ್ ಮಾದರಿ ಹೆಲಿಕಾಪ್ಟರ್. 6 ಎಸ್ (ಸರಣಿಯಲ್ಲಿ ಆರು ಸೆಲ್), 5,000 ಎಂಎಎಚ್ ಸಾಮರ್ಥ್ಯದ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬಳಸುತ್ತೇನೆ. ಮಂಗಳೂರಿನಲ್ಲಿದ್ದಾಗ ಟೈಮರನ್ನು 5 ನಿಮಿಷಕ್ಕೆ ಇಟ್ಟು ನಿಶ್ಚಿಂತೆಯಿಂದ ಹಾರಿಸುತ್ತಿದ್ದೆ. ಈಗ ಗಾಳಿಬೀಡಿನ ಕಡೆ, ಕೊಯ್ಲು ಮುಗಿದ ಗದ್ದೆಯಲ್ಲಿ ಬೆಳಗ್ಗೆ ಏಳೂವರೆಯ ಹೊತ್ತಿಗೆ ಹಾರಿಸುವಾಗ, ಮೊದಲ ನಿಮಿಷದಲ್ಲೇ ಕಲೆಕ್ಟಿವ್ (ರೋಟರ್ ಬ್ಲೇಡ್‌ಗಳ ಕೋನವನ್ನು ಒಟ್ಟಿಗೆ ಏರಿಸುವ ನಿಯಂತ್ರಣ) ಜೋರಾಗಿ ಕೊಟ್ಟರೆ ರೋಟರ್ ವೇಗ ಇಳಿದು ಬಾಲ ಪಕ್ಕಕ್ಕೆ ಹೊರಳುತ್ತದೆ. ನಡುವೆ ಎಲ್ಲ ಸರಿಹೋಗುತ್ತದೆ. ಕೊನೆಯ ಅರ್ಧ ನಿಮಿಷದಲ್ಲಿ ಮತ್ತೆ ಅದೇ ತೊಂದರೆ. ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ ಐದು ಸೆಲ್‌ಗಳು 3.68 ವೋಲ್ಟ್‌ನ ಆಸುಪಾಸಿನಲ್ಲಿದ್ದರೆ, ಮೂರನೆಯದು ಮಾತ್ರ 3.55 ತೋರಿಸುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯನ್ನು ಬದಲಿಸಬೇಕೆ?

ಉತ್ತರ, ಗೋಣಿಕೊಪ್ಪಲಿನಿಂದ:

ಇಎಸ್‌ಸಿಗೆ ಈಗಲೇ ಹಣ ಹಾಕಬೇಡಿ. ಆರಂಭದ ಕುಸಿತ ಮತ್ತು ಕೊನೆಯ ಕುಸಿತ ನೋಡಲು ಒಂದೇ ರೀತಿ ಇದ್ದರೂ ಅವುಗಳ ಕಾರಣ ಬೇರೆ ಬೇರೆ.

ಮೊದಲನೆಯದಕ್ಕೆ ಚಳಿ ಕಾರಣ. ಲೈಪೊ ಸೆಲ್ ತಣ್ಣಗಾದಷ್ಟೂ ಅದರ ಒಳರೋಧ ಏರುತ್ತದೆ. ಬೆಚ್ಚಗಿದ್ದಾಗ ಸೆಲ್ ಒಂದಕ್ಕೆ 5 ಮಿಲಿಓಮ್ ಇದ್ದದ್ದು ಬೆಳಗಿನ ಚಳಿಗೆ 9 ಆಯಿತೆಂದು ಇಟ್ಟುಕೊಳ್ಳಿ. ಕಲೆಕ್ಟಿವ್ ಏರಿಸಿದ ಕ್ಷಣ ಮೋಟಾರು 100 ಆಂಪಿಯರ್ ಎಳೆದರೆ, ಅರ್ಧ ವೋಲ್ಟ್ ಇಳಿಯಬೇಕಾದ ಕಡೆ 0.9 ವೋಲ್ಟ್ ಇಳಿಯುತ್ತದೆ. 4.2 ವೋಲ್ಟ್‌ವರೆಗೆ ತುಂಬಿಸಿದ ಸೆಲ್ ಕೂಡ ಆಗ 3.3ಕ್ಕೆ ಬರುವುದರಿಂದ, ರೋಟರ್ ವೇಗವನ್ನು ಒಂದೇ ಸಮ ಹಿಡಿದಿಡುವ ಗವರ್ನರ್‌ಗೆ ಬೇಕಾದ ವೋಲ್ಟೇಜ್ ಮೀಸಲೇ ಉಳಿಯುವುದಿಲ್ಲ. ಹಾರಾಟ ಮುಂದುವರಿದಂತೆ ಅದೇ ರೋಧದಿಂದಾಗಿ ಬ್ಯಾಟರಿ ಒಳಗಿನಿಂದ ಬಿಸಿಯಾಗಿ ಚೇತರಿಸಿಕೊಳ್ಳುತ್ತದೆ; ನಡುವೆ ಎಲ್ಲ ಸರಿಹೋದದ್ದು ಅದಕ್ಕೇ. ಹೊರಡುವವರೆಗೆ ಬ್ಯಾಟರಿಗಳನ್ನು ಮನೆಯೊಳಗೇ ಇಡಿ. ಗದ್ದೆಗೆ ಒಯ್ಯುವಾಗ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಜೊತೆಗಿಟ್ಟು 25ರಿಂದ 30 ಡಿಗ್ರಿ ಕಾಯ್ದುಕೊಳ್ಳಿ. ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡುವುದು ಖಂಡಿತ ಬೇಡ. ಏರಿಸಿದ ಮೇಲೂ ಮೊದಲ ನಿಮಿಷ ಮೆಲ್ಲಗೆ ಹೋವರ್ ಮಾಡಿ (ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಿ).

ಕೊನೆಯ ಕುಸಿತಕ್ಕೆ ಟೈಮರ್ ಕಾರಣ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹೆಚ್ಚುಕಡಿಮೆ ಶೇಕಡ 10ರಷ್ಟು ಕಡಿಮೆ ಇರುವುದರಿಂದ, ಅದೇ ತೂಕವನ್ನು ಎತ್ತಿ ಹಿಡಿಯಲು ಹೆಚ್ಚು ಪಿಚ್ಚೂ (ಬ್ಲೇಡ್‌ನ ಕೋನ) ಹೆಚ್ಚು ಕರೆಂಟೂ ಬೇಕಾಗುತ್ತದೆ. ಮಂಗಳೂರಿನ ಲೆಕ್ಕ ಇಲ್ಲಿಗೆ ಹೊಂದದು. 3 ನಿಮಿಷ ಹಾರಿಸಿ ಇಳಿಸಿ, ಬ್ಯಾಟರಿ ತಣಿದ ಮೇಲೆ ಚಾರ್ಜ್ ಮಾಡಿ, ಚಾರ್ಜರ್ ಎಷ್ಟು ಎಂಎಎಚ್ ತುಂಬಿತೆಂದು ಬರೆದಿಟ್ಟುಕೊಳ್ಳಿ. ಅದು 2,640 ಎಂದಾದರೆ ನಿಮಿಷಕ್ಕೆ 880 ಖರ್ಚಾಗಿದೆ. ಲೈಪೊದಿಂದ ತೆಗೆಯಬಹುದಾದ ಶೇಕಡ 80ರ ಮಿತಿ, ಅಂದರೆ 4,000 ಎಂಎಎಚ್, ನಾಲ್ಕೂವರೆ ನಿಮಿಷದಲ್ಲೇ ಮುಗಿಯುತ್ತದೆ. ಶೇಕಡ 20 ಉಳಿಸಿ ಇಳಿಸಿದ ಬ್ಯಾಟರಿ ವಿಶ್ರಾಂತಿಯ ನಂತರ ಸೆಲ್‌ಗೆ 3.7ರಿಂದ 3.75 ವೋಲ್ಟ್ ತೋರಿಸಬೇಕು, ನಿಮ್ಮ 3.68 ಅದಕ್ಕಿಂತ ಕೆಳಗಿದೆ. ಗವರ್ನರ್ ಇರುವ ಹೆಲಿಕಾಪ್ಟರ್‌ನಲ್ಲಿ ಇದು ಕೈಗೆ ತಿಳಿಯುವುದಿಲ್ಲ, ಏಕೆಂದರೆ ವೋಲ್ಟೇಜ್ ಇಳಿದಂತೆಲ್ಲ ಅದು ಥ್ರಾಟಲ್ ಏರಿಸಿ ವೇಗವನ್ನು ಸರಿದೂಗಿಸುತ್ತಲೇ ಇರುತ್ತದೆ. ಥ್ರಾಟಲ್ ಪೂರ್ತಿ ತೆರೆದಾದ ಮೇಲೆ ಮಾತ್ರ ಕುಸಿತ ಒಮ್ಮೆಲೇ ಕಾಣಿಸುತ್ತದೆ.

ವೋಲ್ಟೇಜ್ ತೀರ ಇಳಿದಾಗ ಮೋಟಾರನ್ನು ತಡೆಯುವ ಇಎಸ್‌ಸಿಯ ಕಟಾಫ್ ಹಾರ್ಡ್ (ಒಮ್ಮೆಲೇ ನಿಲ್ಲಿಸುವಂಥದ್ದು) ಆಗಿದ್ದರೆ ಇಂದೇ ಸಾಫ್ಟ್‌ಗೆ (ನಿಧಾನವಾಗಿ ಇಳಿಸುವಂಥದ್ದಕ್ಕೆ) ಬದಲಿಸಿ. ಸುತ್ತ ಕಾಫಿ ತೋಟ ಮತ್ತು ಸಿಲ್ವರ್ ಓಕ್ ಇರುವ ಕಿರಿದಾದ ಗದ್ದೆಯಲ್ಲಿ ಮೋಟಾರು ಹಠಾತ್ತನೆ ನಿಂತರೆ ಆಟೊರೊಟೇಶನ್‌ಗೆ (ಮೋಟಾರಿಲ್ಲದೆ, ತಿರುಗುವ ರೋಟರ್‌ನ ಬಲದಿಂದಲೇ ಇಳಿಸುವುದಕ್ಕೆ) ಜಾಗ ಸಿಗುವುದಿಲ್ಲ. ಬ್ಯಾಟರಿ ಹಾಳಾದರೂ ಚಿಂತೆಯಿಲ್ಲ, ಹೆಲಿಕಾಪ್ಟರ್ ಸುರಕ್ಷಿತವಾಗಿ ಇಳಿಯಬೇಕು ಎನ್ನುವವನು ನಾನು.

ನನಗೆ ನಿಜವಾಗಿ ಆತಂಕ ತಂದಿರುವುದು ಮೂರನೆಯ ಸೆಲ್. ಸಾಮಾನ್ಯವಾಗಿ ಇಎಸ್‌ಸಿ ನೋಡುವುದು ಆರು ಸೆಲ್‌ಗಳ ಒಟ್ಟು ವೋಲ್ಟೇಜನ್ನು ಮಾತ್ರ. ಉಳಿದ ಐದು ಚೆನ್ನಾಗಿರುವಾಗ ಒಂದು ಸೆಲ್ ಲೋಡ್‌ನಲ್ಲಿ 3 ವೋಲ್ಟ್‌ಗಿಂತ ಕೆಳಗೆ ಹೋದರೂ ಅದಕ್ಕೆ ಗೊತ್ತಾಗದು. ಬ್ಯಾಟರಿ ಕೋಣೆಯ ಉಷ್ಣತೆಗೆ ಬಂದ ಮೇಲೆ ಚಾರ್ಜರ್‌ನಲ್ಲಿ ಪ್ರತಿ ಸೆಲ್‌ನ ಒಳರೋಧ ಅಳೆದು ತಿಳಿಸಿ.

ಪ್ರಶ್ನೆ ಕೇಳಿದವರಿಂದ:

ಬೆಚ್ಚಗಿಟ್ಟು ಹಾರಿಸಿದೆ, ಆರಂಭದ ಕುಸಿತ ಹೋಗಿದೆ. ಒಳರೋಧ ಐದು ಸೆಲ್‌ಗಳಲ್ಲಿ 5ರಿಂದ 6 ಮಿಲಿಓಮ್, ಮೂರನೆಯದರಲ್ಲಿ 14. ಆ ಒಂದು ಸೆಲ್ ಬದಲಿಸಬಹುದೆ?

ಉತ್ತರ, ಗೋಣಿಕೊಪ್ಪಲಿನಿಂದ:

ದಯವಿಟ್ಟು ಬೇಡ. ಹಳೆಯ ಐದರ ಜೊತೆ ಹೊಸದೊಂದನ್ನು ಬೆಸೆದರೆ ಸಮತೋಲನ ಬರುವುದಿಲ್ಲ. ಬಿಚ್ಚುವಾಗ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವೂ ಇದೆ. 14 ಮಿಲಿಓಮ್‌ನ ಆ ಸೆಲ್ 100 ಆಂಪಿಯರ್‌ಗೆ 1.4 ವೋಲ್ಟ್ ಕಳೆದುಕೊಳ್ಳುತ್ತದೆ. ಇನ್ನು ಆ ಬ್ಯಾಟರಿಯನ್ನು ಹಾರಾಟಕ್ಕೆ ಬಳಸಬಾರದು. ಮನೆಯ ಹೊರಗೆ, ನಿಮ್ಮ ಕಣ್ಣೆದುರಿಗೇ ಬಲ್ಬ್ ಲೋಡ್ ಹಾಕಿ ನಿಧಾನವಾಗಿ ಪೂರ್ತಿ ಬರಿದು ಮಾಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಉಳಿದ ಬ್ಯಾಟರಿಗಳ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಾಳೆ ಹೊಳವಾದೀತು ಎಂದು ಪೂರ್ತಿ ತುಂಬಿಸಿಟ್ಟು ವಾರಗಟ್ಟಲೆ ಕಾಯುವುದರಿಂದಲೇ ನಮ್ಮ ಕಡೆ ಎಷ್ಟೋ ಲೈಪೊಗಳು ಉಬ್ಬಿ ಹೋಗುತ್ತವೆ. ಜೂನ್‌ಗೆ ಮುಂಚೆಯೇ ಸೆಲ್‌ಗೆ 3.8ರಿಂದ 3.85 ವೋಲ್ಟ್‌ಗೆ ತಂದು ಲೋಹದ ಪೆಟ್ಟಿಗೆಯಲ್ಲಿಡಿ, ತೇವಕ್ಕೆ ಕನೆಕ್ಟರ್ ಕಿಲುಬು ಹಿಡಿಯದಂತೆ ನೋಡಿಕೊಳ್ಳಿ, ತಿಂಗಳಿಗೊಮ್ಮೆ ಅಳೆಯಿರಿ.