ಅಜ್ಜ ಕಟ್ಟಿಸಿದ ಮನೆ: ಕೆಡವುವುದಾ, ಉಳಿಸಿಕೊಳ್ಳುವುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬಸವನಗುಡಿಯಲ್ಲಿ ಅಜ್ಜ 1934ರಲ್ಲಿ ಕಟ್ಟಿಸಿದ ಮನೆ. ಮದ್ರಾಸ್ ತಾರಸಿ (ಮರದ ತೊಲೆಗಳ, ಅಂದರೆ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ್ದು), ರೆಡ್ ಆಕ್ಸೈಡ್ ನೆಲ, ಮುಂದೆ ಮೇಲೆ ಮೊನಚು ಮಾಡಿನ ಮಂಕಿಟಾಪ್ ಕಿಟಕಿ, ಹಿತ್ತಿಲಲ್ಲಿ ಬಾವಿ. ಈಗ ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ವಯಸ್ಸು 81. ನಾವು ನಾಲ್ಕು ಜನ ಮಕ್ಕಳು. ಒಬ್ಬ ಬಿಲ್ಡರ್ ಜಾಯಿಂಟ್ ಡೆವಲಪ್‌ಮೆಂಟಿಗೆ ಕೇಳುತ್ತಿದ್ದಾರೆ, ಜಾಗ ನಮ್ಮದು, ಕಟ್ಟುವ ಖರ್ಚು ಅವರದು, ಫ್ಲಾಟುಗಳು ಅರ್ಧಕ್ಕರ್ಧ. ತಲೆಗೊಂದು ಫ್ಲಾಟ್ ಸಿಗುತ್ತದೆ. ಅಣ್ಣ ಮತ್ತು ತಮ್ಮ ಕೊಟ್ಟುಬಿಡೋಣ ಅನ್ನುತ್ತಾರೆ. ನನಗೂ ತಂಗಿಗೂ ಮನಸ್ಸಿಲ್ಲ. ಆದರೆ ಹಿಂದಿನ ಕೋಣೆ ಮಳೆಗಾಲದಲ್ಲಿ ಸೋರುತ್ತದೆ, ಗೋಡೆಯ ಗಾರೆ ಉಬ್ಬಿ ಉದುರುತ್ತಿದೆ. ರಿಪೇರಿಗೆ ಕರೆದ ಮೇಸ್ತ್ರಿ "ಇದರ ಆಯಸ್ಸು ಮುಗೀತು" ಅಂದುಬಿಟ್ಟರು. ಇಂಥ ಮನೆ ಉಳಿಸಿಕೊಂಡವರೂ ಹೇಳಿ, ಉಳಿಸಿಕೊಳ್ಳಲಾಗದೆ ಕೊಟ್ಟವರೂ ಹೇಳಿ. ನಡುವೆ ಏನಾದರೂ ದಾರಿ ಇದೆಯಾ?

ಮಲ್ಲೇಶ್ವರದಿಂದ

ಅಕ್ಕಾ, ನಮ್ಮ ಮನೆಯ ಕಥೆಯೂ ಹೀಗೇ ಶುರುವಾಯಿತು. ಹತ್ತು ವರ್ಷ ಆಯಿತು, ಮನೆ ಇನ್ನೂ ನಿಂತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮೇಸ್ತ್ರಿಯ ಮಾತು. ನಮಗೂ ಇಬ್ಬರು ಹಾಗೇ ಹೇಳಿದರು. ಇಬ್ಬರೂ ಸಿಮೆಂಟ್ ಕೆಲಸ ಮಾಡುವವರು, ಸುಣ್ಣದ ಗಾರೆ ಮುಟ್ಟಿದವರಲ್ಲ. ಮೂರನೆಯ ಸಲ ಹಳೆಯ ಕಟ್ಟಡಗಳನ್ನೇ ನೋಡುವ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆವು. ಅವರು ಒಂದು ಸಣ್ಣ ಸುತ್ತಿಗೆ ಹಿಡಿದು ಒಂದೊಂದು ಜಂತೆಯನ್ನೂ ತಟ್ಟಿ ನೋಡಿದರು. ಜಂತೆಯ ತುದಿ ಗೋಡೆಯೊಳಗೆ ಹೋಗುತ್ತದಲ್ವಾ, ಗೆದ್ದಲು ಹಿಡಿಯುವುದೂ ಲಡ್ಡಾಗುವುದೂ ಅಲ್ಲೇ. ಇಡೀ ಮನೆಯಲ್ಲಿ ಕೆಟ್ಟಿದ್ದ ಜಂತೆ ಐದು. ಬಾಕಿಯೆಲ್ಲ ಗಟ್ಟಿ ತೇಗ.

ಗೋಡೆ ಉಬ್ಬಿದ್ದಕ್ಕೆ ಕಾರಣ ನಾವೇ. ನಮ್ಮ ಅಪ್ಪ ಎಂದೋ ಸುಣ್ಣದ ಗೋಡೆಯ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಎಣ್ಣೆ ಪೇಂಟ್ ಹೊಡೆಸಿದ್ದರು. ಸುಣ್ಣದ ಗೋಡೆ ತೇವ ಎಳೆದುಕೊಂಡರೂ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ನೀರು ಒಳಗೇ ಉಳಿದು, ಉಪ್ಪು ಮೇಲೆದ್ದು, ಗಾರೆ ಉದುರುತ್ತದೆ. ನಿಮ್ಮ ಹಿಂದಿನ ಕೋಣೆಯಲ್ಲೂ ಯಾರಾದರೂ ಸಿಮೆಂಟ್ ಬಳಿದಿದ್ದಾರಾ ನೋಡಿ. ತಾರಸಿ ಸೋರುತ್ತದೆ ಅಂತ ಮೇಲೆ ಇನ್ನೊಂದು ಪದರ ಸಿಮೆಂಟ್ ಹಾಕಿಸಬೇಡಿ. ಭಾರ ಜಾಸ್ತಿಯಾಗುತ್ತದೆ, ಹೊರುವುದು ಅದೇ ಹಳೆಯ ಜಂತೆಗಳು. ಮೊದಲು ನೀರು ಹೋಗುವ ತೂಬು ಕಟ್ಟಿಕೊಂಡಿದೆಯಾ, ಪ್ಯಾರಪೆಟ್ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದೆಯಾ ನೋಡಿಸಿ. ನಮ್ಮ ಸೋರಿಕೆಯ ಮುಕ್ಕಾಲು ಪಾಲು ಅಷ್ಟಕ್ಕೇ ನಿಂತಿತು. ಉಳಿದ ಜಾಗದಲ್ಲಿ ಮೇಲಿನ ಪದರ ಕಿತ್ತು, ಇಟ್ಟಿಗೆ ಚೂರು ಮತ್ತು ಸುಣ್ಣ ಹಾಕಿ ಬಡಿದರು. ಅಳಲೆಕಾಯಿ, ಬೆಲ್ಲದ ನೀರು ಸೇರಿಸಿ ಬಡಿಯುವ ಹಳೆಯ ಪದ್ಧತಿ. ಆ ಕೆಲಸ ಗೊತ್ತಿದ್ದವರು ಸಿಗಲು ನಾಲ್ಕು ತಿಂಗಳು ಕಾದೆವು.

ಇನ್ನು ಪಾಲು. ನಮ್ಮಲ್ಲಿ ಜಗಳ ಇದ್ದದ್ದು ನಿಜವಾಗಿ ಅದರದ್ದೇ. ಆದರೆ ಎಲ್ಲರೂ ಸೋರುವ ತಾರಸಿಯನ್ನು ಮುಂದಿಟ್ಟುಕೊಂಡು ಮಾತಾಡುತ್ತಿದ್ದೆವು. ಒಂದು ದಿನ ಚಿಕ್ಕಪ್ಪ ನೇರವಾಗಿ ಕೇಳಿದರು: "ನಿನಗೆ ದುಡ್ಡು ಬೇಕಾ, ಮನೆ ಬೇಡವಾ?" ಇಬ್ಬರಿಗೆ ದುಡ್ಡು ಬೇಕಿತ್ತು, ಅದರಲ್ಲಿ ತಪ್ಪೇನಿಲ್ಲ. ಒಬ್ಬಳಿಗೆ ಮಗಳ ಓದಿತ್ತು. ನಾನೂ ನನ್ನ ತಮ್ಮನೂ ಸಾಲ ಮಾಡಿ ಅವರ ಪಾಲು ಕೊಟ್ಟೆವು, ಅವರು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರು. ಮುಂದಿನ ಎರಡು ಕೋಣೆ ಮತ್ತು ಜಗುಲಿಯನ್ನು ಒಂದು ಸಂಗೀತ ಶಾಲೆಗೆ ಬಾಡಿಗೆಗೆ ಕೊಟ್ಟಿದ್ದೇವೆ. ಸಾಲದ ಕಂತಿನ ಒಂದು ಭಾಗ ಅದರಿಂದ ಹೋಗುತ್ತದೆ. ಪೂರ್ತಿ ಅಲ್ಲ. ಸುಮ್ನೆ ಆಸೆ ತೋರಿಸಬಾರದು ಅಂತ ಹೇಳುತ್ತಿದ್ದೇನೆ.

ಜಯನಗರದಿಂದ (ಕೊಟ್ಟವರು)

ನಾವು ಕೊಟ್ಟೆವು. ತಪ್ಪು ಮಾಡಿದೆವು ಅನ್ನುವುದಿಲ್ಲ, ನಮ್ಮ ಪರಿಸ್ಥಿತಿ ಹಾಗಿತ್ತು. ಅಪ್ಪನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ರಾತ್ರಿ ನೋಡಿಕೊಳ್ಳುವವರಿರಲಿಲ್ಲ. ಈಗ ಲಿಫ್ಟ್ ಇದೆ, ಪಕ್ಕದ ಫ್ಲಾಟಿನಲ್ಲೇ ತಂಗಿ ಇದ್ದಾಳೆ.

ನಮ್ಮ ಎಡವಟ್ಟು ಆಗಿದ್ದು ಬೇರೆ ಕಡೆ. ಎರಡು ವರ್ಷ ಅಂದಿದ್ದ ಕೆಲಸ ನಾಲ್ಕೂವರೆ ವರ್ಷ ಹಿಡಿಯಿತು. ಬಾಡಿಗೆ ಮನೆಯಲ್ಲಿ ಅಪ್ಪ ಹೊಂದಿಕೊಳ್ಳಲೇ ಇಲ್ಲ. ತಡವಾದರೆ ತಿಂಗಳಿಗೆ ಎಷ್ಟು ಬಾಡಿಗೆ ಕೊಡಬೇಕು ಅಂತ ಕರಾರಿನಲ್ಲಿ ಬರೆಸಿರಲಿಲ್ಲ. ನೀವು ಕೊಡುವುದೇ ಆದರೆ ಅದನ್ನು ಬರೆಸಿ, ನಿಮ್ಮದೇ ವಕೀಲರಿಂದ ಓದಿಸಿ. ಇನ್ನೊಂದು ಮಾತು. ಕೆಡವುವ ದಿನ ನಾವು ಯಾರೂ ಹೋಗಲಿಲ್ಲ, ನೋಡಲು ಆಗುವುದಿಲ್ಲ ಅಂತ. ಬಾಗಿಲು, ಕಿಟಕಿ, ತೇಗದ ಕಂಬ ಎಲ್ಲ ಕೆಡವುವವನ ಪಾಲಾಯಿತು. ಅಜ್ಜಿ ದಿನಾ ಅರಿಶಿನ ಹಚ್ಚುತ್ತಿದ್ದ ಹೊಸಿಲು ಕೂಡ. ಅದನ್ನಾದರೂ ತಂದುಕೊಳ್ಳಬೇಕಿತ್ತು. ಮನೆಯನ್ನು ಅಳತೆ ಮಾಡಿಸಿ ನಕ್ಷೆ ಬರೆಸಿ, ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಉಳಿಸಿದರೂ ಬೇಕು, ಕೆಡವಿದರೂ ಬೇಕು.

ಮೈಸೂರಿನಿಂದ

ನಾನು ಮನೆಯ ಬಗ್ಗೆ ಹೇಳುವುದಿಲ್ಲ, ನಮ್ಮೂರಿನ ಎರಡು ಕಟ್ಟಡದ ಬಗ್ಗೆ ಹೇಳುತ್ತೇನೆ. ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳಲ್ಲಿ ನಿಂತು ಓದಿ ಬೆಳೆದವನು ನಾನು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಒಂದು ಕಡೆಯವರು ದುರಸ್ತಿ ಸಾಕು ಅಂದರು, ಹಳೆಯ ಕಟ್ಟಡಗಳನ್ನು ಉಳಿಸಲು ಕೆಲಸ ಮಾಡುವ ಇಂಟಾಕ್ ಸಂಸ್ಥೆ ಕೂಡ ಹಾಗೇ ಹೇಳಿತು. ಇನ್ನೊಂದು ಕಡೆಯವರು ಕೆಡವಿ ಅದೇ ರೂಪದಲ್ಲಿ ಕಟ್ಟೋಣ ಅಂದರು. ಸಮಿತಿ, ವರದಿ, ಕೋರ್ಟು. ವರ್ಷಗಳು ಹೋದವು. ಈ ವರ್ಷಗಳಲ್ಲಿ ಮಳೆ ಮಾತ್ರ ಯಾರಿಗೂ ಕಾಯಲಿಲ್ಲ.

ನನ್ನ ಅನುಭವದಲ್ಲಿ ಹಳೆಯ ಕಟ್ಟಡಕ್ಕೆ "ಆಮೇಲೆ ನೋಡೋಣ" ಅನ್ನುವಷ್ಟು ಹಾನಿ ಬೇರೆ ಯಾವುದೂ ಮಾಡುವುದಿಲ್ಲ. ಏನೇ ತೀರ್ಮಾನ ಮಾಡಿ, ಈ ಮಳೆಗಾಲಕ್ಕೆ ಮುಂಚೆ ಆ ಹಿಂದಿನ ಕೋಣೆಗೆ ಆಸರೆ ಕೊಡಿಸಿ. ಅಮ್ಮ ಅಲ್ಲಿ ಮಲಗುತ್ತಿದ್ದರೆ ಇವತ್ತೇ ಬೇರೆ ಕೋಣೆಗೆ ಕರೆದುಕೊಳ್ಳಿ.

ಬೆಂಗಳೂರಿನಿಂದ, ನಗರ ಯೋಜನೆ ಓದಿದವರು

ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ. 1898ರ ಪ್ಲೇಗ್ ಆದಮೇಲೆ, ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಬಂದು ಗಾಳಿ ಬೆಳಕಿನಲ್ಲಿ ಬದುಕಲಿ ಅಂತ ಬೆಳೆಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಆ ಕಾಲದ ಊರಿಗೆ ಬೇಕಾದ್ದನ್ನು ಆಗ ಕಟ್ಟಿದರು. ಇವತ್ತು ನಿಮ್ಮ ಬಡಾವಣೆಗೆ 2017ರಿಂದ ಮೆಟ್ರೊ ಇದೆ, ನ್ಯಾಷನಲ್ ಕಾಲೇಜ್ ನಿಲ್ದಾಣ ಹತ್ತಿರವೇ. ಅಂಥ ಜಾಗದಲ್ಲಿ ಒಂದು ಸೈಟಿನಲ್ಲಿ ಎಂಟು ಸಂಸಾರ ಇದ್ದರೆ ಊರಿಗೆ ಒಳ್ಳೆಯದೇ. ಇಲ್ಲದಿದ್ದರೆ ಆ ಎಂಟು ಸಂಸಾರ ಊರಾಚೆಯ ಹೊಲದಲ್ಲಿ ಮನೆ ಮಾಡಿ, ದಿನಾ ಎರಡು ಗಂಟೆ ಬಸ್ಸಿನಲ್ಲಿ ಕೂರುತ್ತವೆ.

ಹಾಗಂತ ಎಲ್ಲ ಕೆಡವಿ ಅನ್ನುವವನಲ್ಲ. ಅಠಾರಾ ಕಚೇರಿಯನ್ನು, ಅಂದರೆ ಹೈಕೋರ್ಟ್ ಇರುವ ಕಟ್ಟಡವನ್ನು, 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಎದ್ದು ನಿಂತರು, ಕೋರ್ಟಿಗೂ ಹೋದರು, ಕೊನೆಗೆ ಅದು ಉಳಿಯಿತು. ಇವತ್ತು ಕಬ್ಬನ್ ಪಾರ್ಕಿನ ಮುಂದೆ ಆ ಕೆಂಪು ಕಟ್ಟಡ ಇಲ್ಲದೆ ಬೆಂಗಳೂರನ್ನು ನೆನೆಸಿಕೊಳ್ಳಲು ಆಗುತ್ತದಾ? ಆದರೆ ಅದು ಸರ್ಕಾರದ ಕಟ್ಟಡ. ಅದರ ಖರ್ಚು ಊರೇ ಹೊರುತ್ತದೆ. ಬೀದಿಯ ಅಂದಕ್ಕಾಗಿ ಮನೆ ಉಳಿಸಿ ಅಂತ ಒಬ್ಬ ವಿಧವೆ ತಾಯಿಗೆ ಹೇಳಿ, ಖರ್ಚನ್ನೂ ಅವರ ತಲೆಗೇ ಕಟ್ಟುವುದು ನ್ಯಾಯ ಅಲ್ಲ. ನಾವೆಲ್ಲ ಕೇಳಬೇಕಾದ್ದು ಇದನ್ನೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅಹಮದಾಬಾದಿನಿಂದ, ಊರು ಧಾರವಾಡ

ಮೇಲಿನವರ ಮಾತಿಗೆ ಇಲ್ಲೊಂದು ಉತ್ತರ ಇದೆ. ಈ ಊರಿನ ಹಳೆಯ ಭಾಗಕ್ಕೆ 2017ರಲ್ಲಿ ವಿಶ್ವ ಪರಂಪರೆ ನಗರ ಅನ್ನುವ ಮಾನ್ಯತೆ ಬಂತು. ಪೋಳ್ ಅನ್ನುವ ಓಣಿಗಳಲ್ಲಿ ಕೆತ್ತನೆಯ ಮರದ ಮನೆಗಳಿವೆ. ಪಟ್ಟಿಯಲ್ಲಿರುವ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಂಡರೆ, ಮೇಲೆ ಕಟ್ಟಬಹುದಾಗಿದ್ದ ಹಕ್ಕನ್ನು ಪಾಲಿಕೆ ಕಾಗದದಲ್ಲಿ ಕೊಡುತ್ತದೆ. ಅದನ್ನು ಊರಿನ ಬೇರೆ ಕಡೆ ಕಟ್ಟುವ ಬಿಲ್ಡರಿಗೆ ಮಾರಬಹುದು. ಟಿಡಿಆರ್ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯವರು ಆ ದುಡ್ಡನ್ನು ದುರಸ್ತಿಗೇ ಹಾಕಿದರು. ಮುಂಬೈ 1995ರಲ್ಲೇ ಹಳೆಯ ಕಟ್ಟಡಗಳಿಗೆ ನಿಯಮ ಮಾಡಿತು. ನಿಮ್ಮ ಮನೆಗೆ ಅಂಥದ್ದು ಅನ್ವಯಿಸುತ್ತದಾ ಅಂತ ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ಬರವಣಿಗೆಯಲ್ಲೇ ಕೇಳಿ. ಬಾಯಿಮಾತು ನಂಬಬೇಡಿ.

ಚಾಮರಾಜಪೇಟೆಯಿಂದ

ಒಂದು ವಿಷಯ ಯಾರೂ ಹೇಳಲಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಟಿಪ್ಪು ಅರಮನೆಯ ಹತ್ತಿರದ ನೆಂಟರೊಬ್ಬರು ಇದು ಗೊತ್ತಿಲ್ಲದೆ ಬಿಲ್ಡರಿಂದ ಅಡ್ವಾನ್ಸ್ ತೆಗೆದುಕೊಂಡು ಮೂರು ವರ್ಷ ಒದ್ದಾಡಿದರು. ಸಹಿ ಹಾಕುವ ಮೊದಲು ನೋಡಿಕೊಳ್ಳಿ.

ಸಿಂಗಪುರದಿಂದ

ನಡುವಿನ ದಾರಿ ಕೇಳಿದ್ದೀರಿ. ಇಲ್ಲಿ ಹಳೆಯ ಅಂಗಡಿ ಮನೆಗಳ ಬೀದಿಗಳಿಗೆ 1989ರಿಂದ ರಕ್ಷಣೆ ಇದೆ. ಸುಮಾರು ಕಡೆ ಮುಂದಿನ ಕಟ್ಟಡ ಇದ್ದ ಹಾಗೇ ಇರುತ್ತದೆ, ಹಿಂದೆ ಹೊಸದಾಗಿ ಎತ್ತರಿಸಿ ಕಟ್ಟಿರುತ್ತಾರೆ. ಬೀದಿಯಲ್ಲಿ ನಿಂತರೆ ಹಳೆಯದೇ ಕಾಣುತ್ತದೆ. ನಿಮ್ಮ ಹಿತ್ತಿಲು ದೊಡ್ಡದಿದ್ದರೆ ಹೀಗೆ ಆಗುತ್ತದಾ ಅಂತ ಒಬ್ಬ ಆರ್ಕಿಟೆಕ್ಟ್ ಹತ್ತಿರ ನಕ್ಷೆ ಬರೆಸಿ ನೋಡಿ. ಹೇಗೂ ಕೆಟ್ಟಿರುವುದು ಹಿಂದಿನ ಕೋಣೆ ಅಲ್ವಾ?

ಉಡುಪಿಯಿಂದ

ಏನೂ ಆಗದಿದ್ದರೆ ಕೊನೆಯದಾಗಿ ಇದು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಒಮ್ಮೆ ಹೋಗಿ ಬನ್ನಿ. ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಅದನ್ನು ನೋಡಿ ಬಂದಮೇಲೆ ನಾವು ನಮ್ಮ ತೊಟ್ಟಿ ಮನೆಯ ಕಂಬಗಳನ್ನು ನಂಬರ್ ಹಾಕಿ ಬಿಚ್ಚಿಸಿ, ಹೊಸ ಮನೆಯ ಅಂಗಳಕ್ಕೆ ಹಾಕಿಸಿದೆವು. ಮನೆ ಹೋಯಿತು. ಕಂಬಕ್ಕೆ ಒರಗಿ ಕೂರುವುದು ಉಳಿಯಿತು.

ಕೇಳಿದವರು, ಬಸವನಗುಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ತಂಗಿಗೂ ಓದಿ ಹೇಳಿದೆ. ಹಿಂದಿನ ಕೋಣೆಗೆ ಐದು ವರ್ಷದ ಹಿಂದೆ ಸಿಮೆಂಟ್ ಬಳಿಸಿದ್ದು ನಿಜ. ಎಂಜಿನಿಯರ್ ಗುರುವಾರ ಬರುತ್ತಾರೆ. ಅಮ್ಮನ ಮಂಚ ನಡುಮನೆಗೆ ಬಂತು.

ತಮ್ಮನಿಗೆ ಫೋನ್ ಮಾಡಿ ಮಲ್ಲೇಶ್ವರದವರ ಚಿಕ್ಕಪ್ಪನ ಪ್ರಶ್ನೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಬೇಕು ಅಕ್ಕ, ಸಾಲ ಇದೆ" ಅಂದ. ಇಷ್ಟು ದಿನ ಹೇಳಿರಲಿಲ್ಲ. ಅಣ್ಣನ ಹತ್ತಿರ ಇನ್ನೂ ಮಾತಾಡಬೇಕು.

ಇಷ್ಟೆಲ್ಲ ಆದರೂ ನಾವು ನಾಲ್ಕು ಜನರಲ್ಲಿ ಯಾರೂ ಅಮ್ಮನನ್ನು ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದೆ. "ಬಾವಿ ಮುಚ್ಚಬೇಡಿ, ಬಾಕಿ ನಿಮ್ಮಿಷ್ಟ" ಅಂದರು. ಸಿಂಗಪುರದವರು ಹೇಳಿದ ಹಾಗೆ ಹಿಂದೆ ಕಟ್ಟುವುದಾದರೆ ಬಾವಿ ಸರಿಯಾಗಿ ಆ ಜಾಗದಲ್ಲೇ ಬರುತ್ತದೆ. ಬಾವಿ ಉಳಿಸಿಕೊಂಡು ಅದರ ಪಕ್ಕ ಪಾಯ ಹಾಕಿದವರು ಯಾರಾದರೂ ಇದ್ದೀರಾ? ಎಷ್ಟು ದೂರ ಬಿಟ್ಟಿರಿ?