ಪ್ರೊಲಾಗ್ ಬಲ್ಲವಳಿಗೆ ಎರ್ಲಾಂಗ್ ಸುಲಭವಾ, ಇನ್ನೂ ಕಷ್ಟವಾ?

ಬೆಳಗಿನ ಪ್ಯಾಸೆಂಜರ್:
ನಮಸ್ಕಾರ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು ನಾನು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹಳ್ಳಿ ಡೇರಿಗಳ ತೂಕದ ಯಂತ್ರಗಳಿಂದ ಬೆಳಿಗ್ಗೆ, ಸಂಜೆ ಹಾಲಿನ ಲೆಕ್ಕ ಬರುತ್ತದಲ್ಲ, ಅದನ್ನೆಲ್ಲ ಒಂದು ಕಡೆ ಸೇರಿಸುವ ಪ್ರೋಗ್ರಾಂ ನಮ್ಮದು. ಬರೆದವರು ಕೆಲಸ ಬಿಟ್ಟು ಹೋದರು. ಕೋಡು ನನ್ನ ತಲೆಗೆ ಬಂತು. ಅದು ಎರ್ಲಾಂಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ನಾನು ಕಣ್ಣಲ್ಲೂ ಕಂಡಿರಲಿಲ್ಲ.

ಫೈಲು ತೆರೆದರೆ, ಅಯ್ಯೋ, ಇದು ನನ್ನ ಪ್ರೊಲಾಗ್! ಸಂಗತಿ, ನಿಯಮ ಬರೆದುಕೊಟ್ಟರೆ ಉತ್ತರ ತಾನೇ ಹುಡುಕುವ ಭಾಷೆ ಅದು. ಎಂಸಿಎ ಓದುವಾಗ ಬೇರೆಯವರು ಅದನ್ನು ಪರೀಕ್ಷೆಗೆ ಓದಿದರು. ನಾನು ಮಾತ್ರ ನಮ್ಮ ಮನೆಯ ನಂಟಸ್ತಿಕೆಯನ್ನೆಲ್ಲ ಅದರೊಳಗೆ ತುಂಬಿಸಿ ಆಟ ಆಡಿದ್ದೆ. ಇಲ್ಲೂ ವೇರಿಯಬಲ್ ಅಂದರೆ ಕ್ಯಾಪಿಟಲ್ ಅಕ್ಷರ, ಆಟಮ್ (ತಾನೇ ಬೆಲೆಯಾಗಿರುವ ಹೆಸರು) ಅಂದರೆ ಸಣ್ಣಕ್ಷರ. ಕಾಮೆಂಟಿಗೆ ಅದೇ %. ಲಿಸ್ಟಿನ ತಲೆ, ಬಾಲ ಬೇರೆ ಮಾಡೋಕೆ ಅದೇ ಚೌಕ ಕಂಸ, ನಡುವೆ ಅದೇ ನೆಟ್ಟಗಿನ ಗೆರೆ. ಸಾಲು ಟೈಪ್ ಮಾಡಿ ಓಡಿಸುವ ಶೆಲ್‌ನಲ್ಲಿ ಚುಕ್ಕಿ ಇಡದೆ ಎಂಟರ್ ಒತ್ತಿದರೆ ಸುಮ್ನೆ ಕಾಯುತ್ತಾ ಕೂರುವುದೂ ಅದೇ.

ಪಾಂಡವಪುರ ದಾಟುವಾಗ ಎಲ್ಲ ಗೊತ್ತು ಅನ್ನಿಸಿತ್ತು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಜಂಬ ಇಳಿಯಿತು. ಒಂದು ಫಂಕ್ಷನ್ನಿನ ಒಂದೊಂದು ತುಂಡಿಗೆ ಕ್ಲಾಜ್ (clause) ಅನ್ನುತ್ತಾರೆ. ಪ್ರತಿ ಕ್ಲಾಜ್‌ನ ಕೊನೆಗೆ ಅಭ್ಯಾಸದಂತೆ ಚುಕ್ಕಿ ಇಟ್ಟೆ. ಈ ಫಂಕ್ಷನ್ ಆಗಲೇ ಇದೆ ಅಂತ ಕಂಪೈಲರ್ ಬೈಯಿತು. ಇಲ್ಲಿ ನಡುವೆ ಸೆಮಿಕೋಲನ್, ಕೊನೆಯದಕ್ಕೆ ಮಾತ್ರ ಚುಕ್ಕಿಯಂತೆ.

ಅದು ಹೋಗಲಿ. ನಮ್ಮಕ್ಕನನ್ನು ನಮ್ಮಮ್ಮನ ತಮ್ಮನಿಗೇ ಕೊಟ್ಟಿದ್ದಾರೆ. ನಮ್ಮ ಕಡೆ ಇದೇನು ಹೊಸದಲ್ಲ. ಇವರು ನನಗೇನಾಗಬೇಕು ಅಂತ ಪ್ರೊಲಾಗ್ ಕೇಳಿದರೆ ಮೊದಲು ಸೋದರಮಾವ ಅನ್ನುತ್ತಿತ್ತು. ಇನ್ನೊಂದು ಉತ್ತರ ಕೊಡು ಅಂತ ಸೆಮಿಕೋಲನ್ ಒತ್ತಿದರೆ ಭಾವ. ಅದನ್ನೇ ಎರ್ಲಾಂಗಿನಲ್ಲಿ ಬರೆದೆ. ಸೋದರಮಾವ ಅಂದು ನಿಂತುಬಿಟ್ಟಿತು. ಅಕ್ಕನ ಮದುವೆಯೇ ಆಗಿಲ್ಲ ಅನ್ನೋ ಹಾಗೆ!

ಇಷ್ಟೊಂದು ಒಂದೇ ಥರ ಕಾಣೋದು ಯಾಕೆ? ನಾನು ಪ್ರೊಲಾಗ್ ಮರೆತು ಕಲಿಯಬೇಕಾ?

ನಿವೃತ್ತ ಎಕ್ಸ್‌ಚೇಂಜ್:
ಒಂದೇ ಥರ ಕಾಣದೆ ಇನ್ನೇನು ಮೇಡಂ, ಅದು ಹುಟ್ಟಿದ್ದೇ ಪ್ರೊಲಾಗ್ ಮಡಿಲಲ್ಲಿ. 1986ರ ಹೊತ್ತಿಗೆ ಸ್ವೀಡನ್ನಿನ ಎರಿಕ್ಸನ್ ಲ್ಯಾಬಿನಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಶುರು ಮಾಡಿದ್ದು. ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಗೂಡಿದರು. ಮೊದಲ ಎರ್ಲಾಂಗ್ ಪ್ರೊಲಾಗ್‌ನಲ್ಲೇ ಬರೆದದ್ದು. ತೀರಾ ನಿಧಾನ ಅಂತ ಆಮೇಲೆ ಅದಕ್ಕೆ ಅದರದ್ದೇ ವರ್ಚುವಲ್ ಮೆಷಿನ್ (ಕೋಡನ್ನು ಓಡಿಸುವ ಪ್ರೋಗ್ರಾಂ) ಮಾಡಿದರು. 1998ರಲ್ಲಿ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಬೇಕಂತಲೇ ಬಿಟ್ಟದ್ದು ಬ್ಯಾಕ್‌ಟ್ರ್ಯಾಕಿಂಗ್, ಅಂದರೆ ಹಿಂದಕ್ಕೆ ಬಂದು ಇನ್ನೊಂದು ದಾರಿ ನೋಡೋದು. ಅವರು ಮಾಡುತ್ತಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜ್. ಒಬ್ಬರ ಮನೆ ಗಂಟೆ ಬಾರಿಸಿದ ಮೇಲೆ, ಬಾರಿಸಿಯೇ ಇಲ್ಲ ಅಂತ ಹಿಂದಕ್ಕೆ ಹೋಗೋಕಾಗುತ್ತಾ?

ಅದಕ್ಕೇ ಸೋಲು ಅನ್ನೋದರ ಅರ್ಥವೇ ಎರಡರಲ್ಲೂ ಬೇರೆ. ಪ್ರೊಲಾಗ್‌ನಲ್ಲಿ ಹೊಂದಲಿಲ್ಲ ಅಂದರೆ ಇನ್ನೊಂದು ದಾರಿ ಹುಡುಕುತ್ತದೆ. ಎರ್ಲಾಂಗಿನಲ್ಲಿ ಯಾವ ಕ್ಲಾಜೂ ಹೊಂದದಿದ್ದರೆ ಆ ಪ್ರೊಸೆಸ್ (ತನ್ನ ಪಾಡಿಗೆ ಬೇರೆಯಾಗಿ ಓಡುವ ಒಂದು ಪುಟ್ಟ ಕೆಲಸ) ಸಾಯುತ್ತದೆ. ಅದರ ಮೇಲೆ ಕಣ್ಣಿಟ್ಟಿರುವ ಸೂಪರ್‌ವೈಸರ್ ಅನ್ನೋ ಇನ್ನೊಂದು ಪ್ರೊಸೆಸ್ ಹೊಸದನ್ನು ಎಬ್ಬಿಸುತ್ತದೆ. ನಿಮ್ಮ ಕೋಡಿನಲ್ಲಿ ಡೇರಿಗೊಂದು ಪ್ರೊಸೆಸ್ ಇದೆಯಾ ನೋಡಿ. ಇದ್ದರೆ ಬರೆದವರು ಗಟ್ಟಿಗರು. ಒಂದು ಡೇರಿಯ ಯಂತ್ರ ಹಾಳುಮೂಳು ಕಳಿಸಿ ಅದರ ಪ್ರೊಸೆಸ್ ಸತ್ತರೂ ಪಕ್ಕದೂರಿನ ಹಾಲಿನ ಲೆಕ್ಕ ನಿಲ್ಲೋದಿಲ್ಲ.

ಕುವೆಂಪುನಗರ ಬೈಟು ಕಾಫಿ:
ಅಕ್ಕಾ, ಇಷ್ಟೆಲ್ಲ ಚುಕ್ಕಿ ಕಾಮಾ ಗೋಳು ಯಾಕೆ? ಎಲಿಕ್ಸಿರ್ ಅನ್ನೋ ಭಾಷೆ ಕಲೀರಿ. ಜೋಸೆ ವಲಿಂ ಮಾಡಿದ್ದು, ಎರ್ಲಾಂಗ್ ಓಡುವ ಮೆಷಿನ್ ಮೇಲೇ ಓಡುತ್ತೆ. ನೋಡೋಕೆ ರೂಬಿ ಭಾಷೆ ಥರ. ನಾನು ರೂಬಿಯಿಂದ ಬಂದವನು, ನನಗೂ ಇದೇ ಮೋಸ ಆಗಿತ್ತು, ಸಕ್ಕರೆ ಅಂತ ಉಪ್ಪು ಹಾಕಿಕೊಂಡ ಹಾಗೆ. ಹೊರಗೆ ರೂಬಿ, ಒಳಗೆ ಆಬ್ಜೆಕ್ಟೇ ಇಲ್ಲ.

ಕನ್ನಂಬಾಡಿ ಕಟ್ಟೆ:
ಮರೆಯಬೇಡಿ. ಆದರೆ = ಗುರುತು ಕಂಡಾಗ ಒಂದು ನಿಮಿಷ ನಿಲ್ಲಿ. ಪ್ರೊಲಾಗ್‌ನಲ್ಲಿ = ಮುಂದೆ 2+3 ಬರೆದರೆ ಹಾಗೇ 2+3 ಆಗಿ ಉಳಿಯುತ್ತದೆ, ಇಲ್ಲಿ ಲೆಕ್ಕ ಮಾಡಿ 5 ಕೊಡುತ್ತದೆ. ಇನ್ನು ನಿಮ್ಮ ಭಾವನವರ ವಿಷಯ. ಎಲ್ಲ ಉತ್ತರವೂ ಬೇಕಿದ್ದರೆ ನಂಟನ್ನು ಫಂಕ್ಷನ್ ಕ್ಲಾಜ್ ಆಗಿ ಬರೆಯಬೇಡಿ. ಲಿಸ್ಟಿನಲ್ಲಿಟ್ಟು ಲಿಸ್ಟ್ ಕಾಂಪ್ರಹೆನ್ಷನ್‌ನಿಂದ (ಒಂದು ಲಿಸ್ಟಿನಿಂದ ಬೇಕಾದದ್ದನ್ನು ಆರಿಸಿ ಹೊಸ ಲಿಸ್ಟ್ ಮಾಡುವ ಬರಹ) ಆರಿಸಿ. ಹೊಂದಿದ್ದೆಲ್ಲ ಒಟ್ಟಿಗೇ ಬರುತ್ತದೆ.

ಬೆಳಗಿನ ಪ್ಯಾಸೆಂಜರ್:
ಎಕ್ಸ್‌ಚೇಂಜ್ ಸರ್, ನೋಡಿದೆ. ಡೇರಿಗೊಂದು ಪ್ರೊಸೆಸ್ ಇದೆ. ಇಷ್ಟು ದಿನ ಎರರ್ ಹಿಡಿಯೋ ಕೋಡು ಎಲ್ಲೂ ಇಲ್ಲವಲ್ಲ, ಸೋಮಾರಿ ಕೆಲಸ ಅಂತ ಬರೆದವರನ್ನು ಮನಸ್ಸಲ್ಲೇ ಬೈದುಕೊಂಡಿದ್ದೆ. ವಾಪಸ್ ತಗೊಂಡೆ.

ಕಾಫಿಯವರೇ, ಎಲಿಕ್ಸಿರ್ ಸದ್ಯಕ್ಕೆ ಬೇಡ. ಹಳೇ ಗೆಳತಿಯ ಮಗಳನ್ನು ಈಗ ತಾನೇ ಮಾತಾಡಿಸಿದ್ದೇನೆ, ಸೊಸೆಯನ್ನು ಆಮೇಲೆ ನೋಡೋಣ.

ಕಟ್ಟೆಯವರು ಹೇಳಿದ ಹಾಗೆ ಬರೆದೆ. ಸೋದರಮಾವ, ಭಾವ ಎರಡೂ ಒಂದೇ ಲಿಸ್ಟಿನಲ್ಲಿ ಬಂದವು. ಅಕ್ಕನಿಗೆ ಫೋನ್ ಮಾಡಿ ಹೇಳಿದರೆ, ಇದಕ್ಕೆ ಕಂಪ್ಯೂಟರ್ ಬೇಕಿತ್ತಾ ಅಂದಳು. ಚುಕ್ಕಿ ಚಾಳಿ ಮಾತ್ರ ಬಿಟ್ಟಿಲ್ಲ. ಇವತ್ತೂ ನಾಗನಹಳ್ಳಿ ಹತ್ತಿರ ಎರಡು ಸಲ ಬೈಸಿಕೊಂಡೆ.