ಪದಚರ್ಚೆ: ‘ಅಸಹಜ ಸಾವು’ ಎಂಬುದು ಸರಿಹೊಂದದಿದ್ದರೆ ಇನ್ನೇನು?

ಪ್ರಶ್ನೆ:
ಒಂದು ಪತ್ತೇದಾರಿ ಧಾರಾವಾಹಿಗೆ ಕನ್ನಡ ಉಪಶೀರ್ಷಿಕೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕು. ಸಣ್ಣ ಊರು, ಕೆರೆಯಲ್ಲಿ ಹೆಣ ಸಿಕ್ಕಿದೆ. ತನಿಖೆಗೆ ಹೊರಗಿನಿಂದ ಬಂದ ಅಧಿಕಾರಿಣಿಯ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಅವಳು ಹೋಟೆಲಿನೊಳಗೆ ಕಾಲಿಟ್ಟರೆ ಮಾತು ನಿಂತು, ಎಲ್ಲರೂ ಲೋಟ ನೋಡುತ್ತ ಕೂರುತ್ತಾರೆ. ಊರಿನ ಹಿರಿಯ, “ಕಾಲು ಜಾರಿತು, ಅಷ್ಟೇ” ಎನ್ನುತ್ತಾನೆ. ಅದಕ್ಕೆ ಅವಳ ಮರುಮಾತು ಎರಡೇ ಪದ. ಇದರಲ್ಲಿ ಯಾರದೋ ಕೈವಾಡ ಇದ್ದೀತು ಎಂಬ ಧ್ವನಿ ಬರಬೇಕು. ನಾನು ‘ಅಸಹಜ ಸಾವು’ ಎಂದು ಹಾಕಿದ್ದೆ, ಪರಿಶೀಲಿಸಿದವರು ವಾಪಸ್ ಕಳಿಸಿದ್ದಾರೆ. ‘ಅನುಮಾನಾಸ್ಪದ ಸಾವು’ ಆದೀತೇ? ತೆರೆಯ ಮೇಲೆ ಸಾಲು ಎರಡು ಸೆಕೆಂಡು ಇರುತ್ತದೆ.

ಉತ್ತರ 1:
ವಾಪಸ್ ಕಳಿಸಿದ್ದು ಸರಿ, ಮೇಡಂ. ಠಾಣೆಯ ಭಾಷೆಯಲ್ಲಿ ಆತ್ಮಹತ್ಯೆ, ಅಪಘಾತ, ಪ್ರಾಣಿ ಕೊಂದದ್ದು, ಯಂತ್ರಕ್ಕೆ ಸಿಕ್ಕಿ ಸತ್ತದ್ದು ಎಲ್ಲವೂ ಅಸಹಜ ಸಾವೇ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ (2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 194) ಇವನ್ನೆಲ್ಲ ಎಣಿಸಿ, ಬೇರೊಬ್ಬರು ಅಪರಾಧ ಎಸಗಿರಬಹುದೆಂಬ ಅನುಮಾನ ಹುಟ್ಟಿಸುವ ಸಾವನ್ನು ಪ್ರತ್ಯೇಕವಾಗಿ ಹೇಳುತ್ತದೆ. ನಿಮ್ಮ ಅಧಿಕಾರಿಣಿಯ ಮನಸ್ಸಿನಲ್ಲಿರುವುದು ಅದು. ಕಾಲು ಜಾರಿ ಮುಳುಗಿದರೂ ಅಸಹಜವೇ ಆದ್ದರಿಂದ, ಆ ಪದ ಬಳಸಿದರೆ ಹಿರಿಯನ ಮಾತಿಗೆ ಅವಳು ತಲೆಯಾಡಿಸಿದಂತೆ. ‘ಅನುಮಾನಾಸ್ಪದ’ ಇರಲಿ.

ಉತ್ತರ 2:
ಒಪ್ಪಲಾರೆ. ತರ್ಕಶಾಸ್ತ್ರದಲ್ಲಿ ಅನುಮಾನ ಒಂದು ಪ್ರಮಾಣ, ಎಂದರೆ ನಿಜ ತಿಳಿಯುವ ಸಾಧನ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ನಿಶ್ಚಯಿಸುವುದು ಅನುಮಾನ. ಸಂದೇಹ ಪರಿಹಾರವಾಗುವುದೇ ಅದರಿಂದ. ಸಂದೇಹಕ್ಕೇ ಆ ಹೆಸರಿಟ್ಟರೆ ಹೇಗೆ? ‘ಶಂಕಾಸ್ಪದ’ ಎನ್ನಿ. ಪತ್ರಿಕೆಗಳು ಕೆಡಿಸಿದ ಪದವನ್ನು ನಾವೂ ಕೆಡಿಸುವುದು ಬೇಡ.

ಉತ್ತರ 3:
ಕನ್ನಡದಲ್ಲಿ ಅನುಮಾನ ಎಂದರೆ ಸಂಶಯ. ಮುಗಿಯಿತು. ಸಂಸ್ಕೃತದಲ್ಲಿ ಏನಿತ್ತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಅಷ್ಟಕ್ಕೂ ‘ಆಸ್ಪದ’ ಯಾಕೆ? ಹಳಗನ್ನಡದ ತದ್ಭವ ‘ಸಂದೆಯ’ ಇದೆಯಲ್ಲ. ‘ಸಂದೆಯದ ಸಾವು’ ಬರೆಯಿರಿ. ನಾಲ್ಕು ಸಲ ಕಣ್ಣಿಗೆ ಬಿದ್ದರೆ ಜನ ತಾವಾಗಿ ಬಳಸುತ್ತಾರೆ.

ಉತ್ತರ 1:
ಎರಡು ಸೆಕೆಂಡಿನಲ್ಲಿ ‘ಸಂದೆಯ’ ಯಾರಿಗೂ ಹತ್ತುವುದಿಲ್ಲ. ಎರವಲು ಬೇಡವೆಂದರೆ ತನಿಖೆ, ಮಹಜರು, ಗುಮಾನಿ ಎಲ್ಲ ಬಿಡಬೇಕು. ಅವು ಅರಬ್ಬಿ-ಪಾರಸಿ ಕಡೆಯವು. ಪತ್ತೇದಾರನ ‘ದಾರ’ವೂ ಪಾರಸಿಯೇ. ಇವಿಲ್ಲದೆ ಈ ಬಗೆಯ ಕತೆ ಕನ್ನಡದಲ್ಲಿ ಒಂದು ಪುಟ ಮುಂದೆ ಹೋಗದು.

ಕೇಳಿದವರಿಗೆ ಇನ್ನೊಂದು ಮಾತು. ಊರಿನವರ ಬಾಯಲ್ಲಿ ಉದ್ದಕ್ಕೂ ‘ಅಕಸ್ಮಾತ್’ ಇರಲಿ, ಠಾಣೆಯ ಕಾಗದದಲ್ಲಿ ‘ಅಸಹಜ’, ಅವಳ ಬಾಯಲ್ಲಿ ಮಾತ್ರ ‘ಅನುಮಾನ’. ಬೆರೆಸಬೇಡಿ. ಅಕಸ್ಮಾತ್ ಎಂದರೆ ಕಾರಣವಿಲ್ಲದೆ. ಕಾರಣ ಕೇಳುವವರು ಬರಬಾರದೆಂದೇ ಅಲ್ಲವೇ ಆ ಊರು ಬಾಯಿ ಮುಚ್ಚಿ ಕೂತಿರುವುದು?

ಉತ್ತರ 3:
ಬಳಸದೆ ಬಿಟ್ಟದ್ದಕ್ಕೇ ನಮ್ಮ ಪದಗಳು ಸತ್ತದ್ದು. ಪಾರಸಿ ಪದಗಳೂ ಒಂದು ದಿನ ಹೊಸವೇ ಆಗಿದ್ದವು.

ಕೇಳಿದವರು:
ಎಲ್ಲರಿಗೂ ವಂದನೆ. ಎರಡು ಪದದ ಜೋಡಿಯನ್ನೇ ಬಿಟ್ಟು ವಾಕ್ಯ ಮಾಡಿದೆ: “ನನಗೆ ಈ ಸಾವಿನ ಮೇಲೆ ಅನುಮಾನವಿದೆ.” ಓದಿ ನೋಡಿದೆ, ಎರಡು ಸೆಕೆಂಡಿಗೆ ಸಾಕು. ಕಡತದ ತಲೆಬರಹದಲ್ಲಿ ‘ಅಸಹಜ ಸಾವು’ ಹಾಗೇ ಉಳಿಸಿದ್ದೇನೆ.

ಉತ್ತರ 2:
‘ಶಂಕೆ’ ಎಂದಿದ್ದರೆ ಎರಡಕ್ಷರ ಉಳಿಯುತ್ತಿತ್ತು.